ಅಸಲು ಯಾವುದು, ನಕಲು ಯಾವುದು? ಶೋಧಯಂತ್ರಗಳ ಕಥೆ



ದಾದರ್ ಸ್ಟೇಷನ್ನಿನಲ್ಲಿ "ಒಂದನೇ ನಂಬರ್ ಪ್ಲಾಟ್‌ಫಾರ್ಮಿನಲ್ಲಿ ಸಿಗೋಣ" ಎಂದು ಮಾತಾಡಿಕೊಂಡು, ಆಮೇಲೆ ಒಬ್ಬರನ್ನೊಬ್ಬರು ಹುಡುಕಿ ಸುಸ್ತಾದವರು ನಿಮ್ಮಲ್ಲಿ ಅನೇಕರಿರಬೇಕು. ಬ್ರಿಟಿಷರ ಕಾಲದಲ್ಲಿ ಜಿ.ಐ.ಪಿ. ಮತ್ತು ಬಿ.ಬಿ. ಆಂಡ್ ಸಿ.ಐ. ಎಂಬ ಎರಡು ಬೇರೆ ಬೇರೆ ರೈಲು ಕಂಪೆನಿಗಳ ಹಳಿಗಳು ಇಲ್ಲಿ ಅಕ್ಕಪಕ್ಕದಲ್ಲೇ ಓಡುತ್ತಿದ್ದವು. 1951ರಲ್ಲಿ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಬಂದ ಮೇಲೂ ಆ ಗೆರೆ ಅಳಿಯಲಿಲ್ಲ. ಊರಿನ ಹೆಸರು ಒಂದೇ, ಆದರೆ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಎರಡು! ಕೊನೆಗೆ 2023ರ ಡಿಸೆಂಬರ್ 9ರಂದು ಈ ಗೊಂದಲ ಬಗೆಹರಿಯಿತು. ಪಶ್ಚಿಮ ರೈಲ್ವೆಯವು 1ರಿಂದ 7 ಎಂದೇ ಉಳಿದವು, ಮಧ್ಯ ರೈಲ್ವೆಯವು 8ರಿಂದ 14 ಆದವು.

ಇಲ್ಲಿ ಹೆಸರು ಒಂದು, ಜಾಗ ಎರಡು. ಅಂತರಜಾಲದಲ್ಲಿ ಇದರ ತಿರುವುಮುರುವು: ಬರಹ ಒಂದು, ವಿಳಾಸ ಹತ್ತಾರು. ಒಂದು ಹಾಡನ್ನೋ ಒಂದು ಅಡುಗೆಯನ್ನೋ ಗೂಗಲ್‌ನಲ್ಲಿ ಹುಡುಕಿದಾಗ ಅದೇ ಬರಹ, ಅಕ್ಷರವೂ ಬದಲಾಗದೆ, ಬೇರೆ ಬೇರೆ ತಾಣಗಳಲ್ಲಿ ಕುಳಿತಿರುವುದನ್ನು ನೀವು ನೋಡಿರುತ್ತೀರಿ. ಇವುಗಳಲ್ಲಿ ಅಸಲು ಯಾವುದು, ಎತ್ತಿ ಹಾಕಿಕೊಂಡದ್ದು ಯಾವುದು? ಶೋಧಯಂತ್ರ, ಅಂದರೆ ಸರ್ಚ್ ಇಂಜಿನ್, ಇದನ್ನು ಹೇಗೆ ತೀರ್ಮಾನಿಸುತ್ತದೆ? ಸುಮಾರು ಮೂವತ್ತು ವರ್ಷಗಳ ಈ ಕಥೆಯಲ್ಲಿ ನಮ್ಮ ಮುಂಬಯಿಯ ಪಾಲೂ ಇದೆ. ಮುಂಬಯಿ ಕನ್ನಡಿಗರಾದ ನಮಗೆ ಒಂದು ಎಚ್ಚರಿಕೆಯೂ ಇದೆ.

ನಕಲೆಲ್ಲ ಕಳವಲ್ಲ

ಮೊದಲೇ ಒಂದು ಮಾತು ಹೇಳಿಬಿಡಬೇಕು. ಜಾಲದಲ್ಲಿರುವ ನಕಲುಗಳೆಲ್ಲ ಕಳ್ಳತನದ ಫಲವಲ್ಲ. ಪಿ.ಟಿ.ಐ. ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿ ಹಲವು ಪತ್ರಿಕೆಗಳ ತಾಣಗಳಲ್ಲಿ ಬರುತ್ತದೆ. ಅದಕ್ಕೆ ಅವು ಹಣ ಕೊಟ್ಟಿರುತ್ತವೆ. ಒಂದೇ ಲೇಖನಕ್ಕೆ ಓದುವ ಪುಟ ಬೇರೆ, ಪ್ರಿಂಟ್ ತೆಗೆಯುವ ಪುಟ ಬೇರೆ ಇರುತ್ತದೆ. ವಿಳಾಸದ ಮುಂದೆ 'ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ' ಹಾಕಿದರೂ ಅದೇ ಪುಟ, ಹಾಕದಿದ್ದರೂ ಅದೇ ಪುಟ. ಮನುಷ್ಯನಿಗೆ ಇದು ಒಂದೇ ಎಂದು ಗೊತ್ತು. ಯಂತ್ರಕ್ಕೆ ಮಾತ್ರ ಒಂದೊಂದು ವಿಳಾಸವೂ ಒಂದೊಂದು ಹೊಸ ಪುಟ.

ಇವುಗಳನ್ನೆಲ್ಲ ತಂದು ಕೂಡಿಡುವುದು ಶೋಧಯಂತ್ರಕ್ಕೆ ದಂಡದ ಖರ್ಚು. ಓದುಗನಿಗಂತೂ ಹತ್ತು ಉತ್ತರಗಳ ಜಾಗದಲ್ಲಿ ಒಂದೇ ಉತ್ತರ ಹತ್ತು ಸಲ ಬಂದರೆ ಸಿಟ್ಟು ಬಾರದಿರುತ್ತದೆಯೇ? ಆದ್ದರಿಂದ ಮೊದಲ ಪ್ರಯತ್ನಗಳ ಗುರಿ ಕಳ್ಳನನ್ನು ಹಿಡಿಯುವುದಾಗಿರಲಿಲ್ಲ. ಒಂದೇ ತರದವನ್ನು ಒಂದು ಕಡೆ ಗುಂಪು ಮಾಡುವುದಷ್ಟೇ ಆಗಿತ್ತು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದಿನ ತೊಂದರೆಗಳಿಗೆಲ್ಲ ಇದೇ ಮೂಲ.

ಹಂಚಿನ ಮಾಡು, ಬೆರಳಚ್ಚು

ಎರಡು ಪುಟಗಳು ಅಕ್ಷರಶಃ ಒಂದೇ ಆಗಿದ್ದರೆ ಗಣಕಕ್ಕೆ ಪತ್ತೆ ಸುಲಭ. ಇಡೀ ಪುಟಕ್ಕೆ ಲೆಕ್ಕ ಹಾಕಿ ಒಂದು ಸಂಖ್ಯೆ ಕೊಟ್ಟರಾಯಿತು. ಸಂಖ್ಯೆ ಒಂದೇ ಬಂದರೆ ಪುಟವೂ ಒಂದೇ. ಆದರೆ ಒಂದು ಅಲ್ಪವಿರಾಮ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗಿಬಿಡುತ್ತದೆ. ನಕಲು ಮಾಡುವವರು ತಲೆಬರಹ ಬದಲಿಸುತ್ತಾರೆ, ನಡುವೆ ಜಾಹೀರಾತು ತುರುಕುತ್ತಾರೆ. ಹಾಗಾಗಿ 'ಹೆಚ್ಚುಕಡಿಮೆ ಒಂದೇ' ಎಂಬುದನ್ನು ಅಳೆಯುವ ಉಪಾಯ ಬೇಕಾಯಿತು.

1995ರ ಡಿಸೆಂಬರಿನಲ್ಲಿ ಅಮೆರಿಕದ ಡಿಜಿಟಲ್ ಎಂಬ ಕಂಪೆನಿ 'ಆಲ್ಟಾವಿಸ್ಟಾ' ಎಂಬ ಶೋಧಯಂತ್ರವನ್ನು ಆರಂಭಿಸಿತ್ತು. ಅಲ್ಲಿನ ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು 1997ರಲ್ಲಿ ಸುಮಾರು 3 ಕೋಟಿ ಪುಟಗಳನ್ನು ಹೋಲಿಸಿ ನೋಡಿದ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಅವರು ಬಳಸಿದ ಹೆಸರು 'ಶಿಂಗಲ್', ಅಂದರೆ ಮಾಡಿಗೆ ಹೊದಿಸುವ ಹಲಗೆ ಅಥವಾ ಹಂಚು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಗಳೂರು ಹಂಚು ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ, ಪದಗಳ ಚಿಕ್ಕ ಚಿಕ್ಕ ಗುಂಪುಗಳನ್ನು ಒಂದರ ಮೇಲೊಂದು ಬರುವಂತೆ ಕತ್ತರಿಸುವುದು.

"ದಾದರ್ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮಲ್ಲಿಗೆ ಮಾಲೆಯ ವ್ಯಾಪಾರ ಜೋರು" ಎಂಬ ವಾಕ್ಯ ತೆಗೆದುಕೊಳ್ಳಿ. ನಾಲ್ಕು ನಾಲ್ಕು ಪದದ ಹಂಚು ಮಾಡಿದರೆ ಮೊದಲನೆಯದು "ದಾದರ್ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ", ಎರಡನೆಯದು "ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ", ಹೀಗೆ ಒಟ್ಟು 6 ಹಂಚು. ಯಾರೋ 'ಮಲ್ಲಿಗೆ' ತೆಗೆದು 'ಸೇವಂತಿಗೆ' ಎಂದು ಹಾಕಿದರೆ ಅದರಲ್ಲಿ 4 ಹಂಚು ಒಡೆಯುತ್ತವೆ. ಆದರೆ 1000 ಪದದ ಲೇಖನದಲ್ಲಿ 997 ಹಂಚುಗಳಿರುತ್ತವೆ. ನಡುವಿನ ಒಂದು ಪದ ಬದಲಿಸಿದರೆ ಒಡೆಯುವುದು ಅದೇ 4 ಮಾತ್ರ, ಉಳಿದ 993 ಹಾಗೇ ಇರುತ್ತವೆ. ಮಾಡು ಅದೇ ಎಂದು ಗುರುತು ಸಿಕ್ಕಿಬಿಡುತ್ತದೆ. ಬ್ರೋಡರ್ ತಂಡ ಹತ್ತು ಹತ್ತು ಪದಗಳ ಹಂಚು ಮಾಡಿ, ಪ್ರತಿ ಪುಟಕ್ಕೂ ಕೆಲವೇ ಹಂಚುಗಳ ಮಾದರಿ ಇಟ್ಟುಕೊಂಡು ಕೆಲಸ ಹಗುರ ಮಾಡಿಕೊಂಡಿತು.

ಮುಂಬಯಿ ಈ ಕಥೆಯೊಳಗೆ ಬರುವುದು ಇಲ್ಲಿಂದ ಮುಂದೆ. ಪೊವಾಯಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ಮೋಸೆಸ್ ಚಾರಿಕರ್ 2002ರಲ್ಲಿ ಇನ್ನೊಂದು ದಾರಿ ತೋರಿಸಿದರು. ಇಡೀ ಪುಟವನ್ನು ಒಂದು ಪುಟ್ಟ ಬೆರಳಚ್ಚಿಗೆ ಇಳಿಸಬಹುದು. ಪುಟಗಳು ಒಂದಕ್ಕೊಂದು ಹತ್ತಿರವಾಗಿದ್ದರೆ ಬೆರಳಚ್ಚುಗಳೂ ಹತ್ತಿರವಾಗಿಯೇ ಇರುತ್ತವೆ. ಇಡೀ ಸಂಖ್ಯೆಯೇ ಬದಲಾಗಿಬಿಡುವ ಹಳೆಯ ತೊಡಕು ಇದರಲ್ಲಿ ಇಲ್ಲ. 2007ರಲ್ಲಿ ಗುರ್ಮೀತ್ ಸಿಂಗ್ ಮಂಕು, ಅರವಿಂದ್ ಜೈನ್ ಮತ್ತು ಅನೀಶ್ ದಾಸ್ ಸರ್ಮಾ ಎಂಬ ಮೂವರು ಇದನ್ನು 800 ಕೋಟಿ ಪುಟಗಳ ಮಟ್ಟದಲ್ಲಿ ಪರೀಕ್ಷಿಸಿದ ಪ್ರಬಂಧವನ್ನು ಗೂಗಲ್ ಪರವಾಗಿ ಮಂಡಿಸಿದರು. ಒಂದು ಪುಟದ ಬೆರಳಚ್ಚು ಎಂದರೆ 64 ಸೊನ್ನೆ-ಒಂದುಗಳ ಸಾಲು. ಎರಡು ಪುಟಗಳ ಸಾಲಿನಲ್ಲಿ 3 ಕಡೆಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಅವು ಜೋಡಿ ಎಂದೇ ಲೆಕ್ಕ. ಬ್ರೋಡರ್, ಚಾರಿಕರ್ ಮತ್ತು ಪಿಯೋತ್ರ್ ಇಂಡಿಕ್ ಅವರಿಗೆ ಈ ಬಗೆಯ ಕೆಲಸಕ್ಕಾಗಿ 2012ನೇ ಸಾಲಿನ ಕನೆಲಾಕಿಸ್ ಪ್ರಶಸ್ತಿಯೂ ಬಂತು.

ಕನ್ನಡದ ಪೇಚು

ಇಂಗ್ಲಿಷಿಗೆ ಇದೆಲ್ಲ ಸರಿ, ಕನ್ನಡಕ್ಕೆ? ಕನ್ನಡ ಜಾಲಕ್ಕೆ ಬಂದದ್ದರಲ್ಲೂ ಮುಂಬಯಿಯ ಕೈ ಇದೆ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಜಾಲಪತ್ರಿಕೆಯನ್ನು ಆರಂಭಿಸಿದರು. ಆಗ ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಒಂದು ಫಾಂಟಿನಲ್ಲಿ 'ಕ' ಆಗಿದ್ದ ಸಂಕೇತ ಇನ್ನೊಂದರಲ್ಲಿ ಬೇರೇನೋ ಆಗಿರುತ್ತಿತ್ತು. ಅದೇ ಲೇಖನ ಎರಡು ಫಾಂಟಿನಲ್ಲಿದ್ದರೆ ಯಂತ್ರದ ಪಾಲಿಗೆ ಅವು ಎರಡು ಬೇರೆ ಭಾಷೆಗಳು. ಇನ್ನು ಪತ್ರಿಕೆಯ ಪುಟವನ್ನು ಚಿತ್ರವಾಗಿಯೇ ಹಾಕಿದ್ದರೆ ಅದರಲ್ಲಿ ಅಕ್ಷರವಿದೆ ಎಂದೇ ಆಗಿನ ಯಂತ್ರಕ್ಕೆ ಗೊತ್ತಿಲ್ಲ.

ಇದರ ಪರಿಣಾಮ ಏನು, ಯೋಚಿಸಿ. ಅಸಲು ಲೇಖನ ಹಳೆಯ ಫಾಂಟಿನಲ್ಲೋ ಚಿತ್ರದಲ್ಲೋ ಇದೆ. ಯಾರೋ ಅದನ್ನು ಯೂನಿಕೋಡಿನಲ್ಲಿ ಟೈಪು ಮಾಡಿ ತಮ್ಮ ತಾಣದಲ್ಲಿ ಹಾಕಿಕೊಂಡರು. ಶೋಧಯಂತ್ರ ಓದಬಲ್ಲದ್ದು ಆ ಟೈಪು ಮಾಡಿದ್ದನ್ನು ಮಾತ್ರ. ಅದರ ಲೆಕ್ಕದಲ್ಲಿ ನಕಲೇ ಅಸಲಾಯಿತು!

ಯೂನಿಕೋಡು ಬಂದ ಮೇಲೂ ಸಣ್ಣ ಪೇಚುಗಳು ಉಳಿದವು. 'ಕೊ' ಎಂಬುದನ್ನು ಕ ಮತ್ತು ಒ ಸ್ವರದ ಚಿಹ್ನೆ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು. ಕ, ಎ ಸ್ವರದ ಚಿಹ್ನೆ, ಊ ಸ್ವರದ ಚಿಹ್ನೆ ಎಂಬ ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವನ್ನು ಸಮವೆಂದು ನೋಡಲು ಯೂನಿಕೋಡಿನಲ್ಲೇ ನಿಯಮವಿದೆ. ಹೋಲಿಸುವ ಮೊದಲು ಯಂತ್ರ ಅದನ್ನು ಪಾಲಿಸಬೇಕು. ೨೦೦೧ ಎಂದು ಬರೆದರೂ 2001 ಎಂದು ಬರೆದರೂ ಒಂದೇ ವರ್ಷ ಎಂಬುದನ್ನೂ ಅದಕ್ಕೆ ಕಲಿಸಿಕೊಡಬೇಕು.

ಮೊದಲು ಕಂಡವನೇ ಒಡೆಯನೇ?

ಗುಂಪು ಮಾಡಿದ್ದಾಯಿತು. ಗುಂಪಿನಲ್ಲಿ ಒಂದನ್ನು ಮುಂದೆ ತೋರಿಸಬೇಕಲ್ಲ, ಯಾವುದನ್ನು? 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಮೂರೂ ಒಪ್ಪಿ 'ಕ್ಯಾನಾನಿಕಲ್' ಎಂಬ ಒಂದು ಗುರುತನ್ನು ತಂದವು. "ನಾನು ಪ್ರತಿ ಮಾತ್ರ, ಮುಖ್ಯ ಪುಟ ಅಲ್ಲಿದೆ" ಎಂದು ಪುಟವೇ ಹೇಳುವ ವ್ಯವಸ್ಥೆ ಇದು. ಪ್ರಾಮಾಣಿಕರಿಗೆ ಇದು ಅನುಕೂಲವೇ. ಕದ್ದವನು ಮಾತ್ರ ತಾನಾಗಿ ಹೀಗೆ ಬರೆದುಕೊಳ್ಳುತ್ತಾನೆಯೇ?

ಆದ್ದರಿಂದ ಯಂತ್ರ ಬೇರೆ ಸುಳಿವುಗಳನ್ನೂ ನೋಡುತ್ತದೆ. ಯಾವ ಪುಟದತ್ತ ಬೇರೆಯವರು ಕೊಂಡಿ ಕೊಟ್ಟಿದ್ದಾರೆ, ಯಾವ ತಾಣ ನಂಬಿಕೆಗೆ ಅರ್ಹ, ಯಾವುದು ಮೊದಲು ಕಣ್ಣಿಗೆ ಬಿತ್ತು, ಹೀಗೆ. ಚಿಕ್ಕವರಿಗೆ ಅನ್ಯಾಯವಾಗುವುದೂ ಇಲ್ಲಿಯೇ. ದೊಡ್ಡ ತಾಣಕ್ಕೆ ಯಂತ್ರ ಮೇಲಿಂದ ಮೇಲೆ ಹೋಗಿ ಬರುತ್ತದೆ. ಚಿಕ್ಕ ಕನ್ನಡ ತಾಣಕ್ಕೆ ಅಪರೂಪಕ್ಕೆ ಬರುತ್ತದೆ. ನೀವು ಸೋಮವಾರ ಬರೆದದ್ದನ್ನು ದೊಡ್ಡವರು ಮಂಗಳವಾರ ಎತ್ತಿಕೊಂಡರೆ, ಯಂತ್ರ ಮಂಗಳವಾರ ಅಲ್ಲಿ ನೋಡಿ, ಶುಕ್ರವಾರ ನಿಮ್ಮಲ್ಲಿಗೆ ಬರಬಹುದು.

2003ರಲ್ಲಿ ಗೂಗಲ್ 'ಆಡ್‌ಸೆನ್ಸ್' ಜಾಹೀರಾತು ಯೋಜನೆ ಆರಂಭಿಸಿದ ಮೇಲೆ ನಕಲೂ ಒಂದು ದಂಧೆಯಾಯಿತು. ಪುಟ ತುಂಬಿದರೆ ಜಾಹೀರಾತು, ಜಾಹೀರಾತು ಬಂದರೆ ಕಾಸು. ತಂತ್ರಾಂಶವೇ ಬೇರೆಯವರ ತಾಣದಿಂದ ಬರಹ ಕೆರೆದು ತರುತ್ತಿತ್ತು. ಸಾಮಾನ್ಯ ನಕಲಿಗೆ ಶಿಕ್ಷೆ ಇಲ್ಲ, ಮೋಸದ ಉದ್ದೇಶವಿದ್ದರೆ ಮಾತ್ರ ಕ್ರಮ ಎಂದು 2008ರಲ್ಲಿ ಗೂಗಲ್ ಸ್ಪಷ್ಟಪಡಿಸಿತ್ತು. ದೂರುಗಳು ಹೆಚ್ಚಿದ ಮೇಲೆ 2011ರ ಜನವರಿಯಲ್ಲಿ ಕೆರೆದು ತರುವ ತಾಣಗಳ ಮೇಲೆ ಒಂದು ಏಟು ಹಾಕಿತು. ಫೆಬ್ರವರಿಯಲ್ಲಿ 'ಪಾಂಡಾ' ಎಂಬ ಬದಲಾವಣೆ ಬಂತು. ಅಮೆರಿಕದಲ್ಲಿ ಅದು ಸುಮಾರು ಶೇ. 12ರಷ್ಟು ಹುಡುಕಾಟಗಳ ಫಲಿತಾಂಶವನ್ನು ಅಲ್ಲಾಡಿಸಿತು. ಅದೇ ಆಗಸ್ಟಿನಲ್ಲಿ ಚೀನಿ, ಜಪಾನಿ, ಕೊರಿಯನ್ ಬಿಟ್ಟು ಹೆಚ್ಚಿನ ಭಾಷೆಗಳಿಗೆ ವಿಸ್ತರಿಸಿತು. 2012ರ ಆಗಸ್ಟಿನಿಂದ, ಹಕ್ಕುಸ್ವಾಮ್ಯದ ದೂರುಗಳು ಹೆಚ್ಚು ಬಂದ ತಾಣಗಳು ಕೆಳಕ್ಕೆ ಸರಿಯತೊಡಗಿದವು. 2024ರ ಮಾರ್ಚಿನಲ್ಲಿ, ಕೃತಕ ಬುದ್ಧಿಮತ್ತೆಯಿಂದಲೋ ಬೇರೆ ರೀತಿಯಲ್ಲೋ ರಾಶಿ ರಾಶಿ ಪುಟ ಸುರಿಯುವುದರ ವಿರುದ್ಧವೂ ನಿಯಮ ಬಂತು. ಪದ ಬದಲಿಸಿ ಅರ್ಥ ಉಳಿಸಿಕೊಳ್ಳುವ ನಕಲಿನ ಮುಂದೆ ಹಂಚಿನ ಲೆಕ್ಕ ಸೋಲುತ್ತದೆ. ಈಗಿನ ಹೋರಾಟ ಅಲ್ಲಿದೆ.

ಅಂಕಿತದ ಪಾಠ

ಇಷ್ಟೆಲ್ಲ ಆದರೂ ಒಂದು ಮಾತು ನಿಜ. ಯಂತ್ರ ತೀರ್ಮಾನಿಸುವುದು ಯಾವ ಪ್ರತಿಯನ್ನು ತೋರಿಸಬೇಕು ಎಂಬುದನ್ನು. ಬರೆದವರು ಯಾರು ಎಂಬುದನ್ನಲ್ಲ. ಅದು ಕಾನೂನಿನ ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಕಾಲ ಮತ್ತು ಅನಂತರ 60 ವರ್ಷ ಅದು ಉಳಿಯುತ್ತದೆ. 2012ರ ತಿದ್ದುಪಡಿಯಂತೆ, ನಕಲನ್ನು ಇಟ್ಟುಕೊಂಡಿರುವ ಜಾಲಸೇವೆಯವರಿಗೆ ಲಿಖಿತ ದೂರು ಕೊಟ್ಟರೆ ಅವರು 21 ದಿನ ಅದನ್ನು ತಡೆಹಿಡಿಯಬೇಕಾಗುತ್ತದೆ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತರಬೇಕು.

ಕೋರ್ಟು ಕಚೇರಿಗೆ ಮೊದಲು ನಮ್ಮ ಹಿರಿಯರದೇ ಒಂದು ಉಪಾಯವಿದೆ. ಬಸವಣ್ಣನವರ ವಚನದಲ್ಲಿ ಕೂಡಲಸಂಗಮದೇವ, ಅಕ್ಕನ ವಚನದಲ್ಲಿ ಚೆನ್ನಮಲ್ಲಿಕಾರ್ಜುನ, ದಾಸರ ಪದದಲ್ಲಿ ಪುರಂದರವಿಠಲ. ತಾಳೆಗರಿಯಿಂದ ತಾಳೆಗರಿಗೆ, ಬಾಯಿಂದ ಬಾಯಿಗೆ ನೂರಾರು ಸಲ ನಕಲಾದರೂ ಇವು ಯಾರವೆಂದು ನಮಗೆ ಗುರುತು ಸಿಗುವುದು ಅಂಕಿತದಿಂದ. ಅಂಕಿತ ಹೊರಗೆ ಅಂಟಿಸಿದ ಚೀಟಿಯಲ್ಲ, ಹಾಡಿನ ಮೈಯಲ್ಲೇ ಇದೆ. ಪೂರ್ತಿ ಹಾಡಿದವರು ಆ ಹೆಸರನ್ನೂ ಹಾಡಲೇಬೇಕು.

ಮುಂಬಯಿ ಕನ್ನಡಿಗರ ಚರಿತ್ರೆಯ ಬಹುಪಾಲು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಶನ್ನಿನ 'ನೇಸರು' ತರಹದ ಪತ್ರಿಕೆಗಳಲ್ಲಿ ಇದೆ. ಅಚ್ಚಿನಲ್ಲಷ್ಟೇ ಇರುವ ಲೇಖನವನ್ನು ಯಾರು ಮೊದಲು ಟೈಪು ಮಾಡಿ ಏರಿಸುತ್ತಾರೋ ಜಾಲದಲ್ಲಿ ಅವರೇ ಅದರ ಒಡೆಯರಂತೆ ಕಾಣುತ್ತಾರೆ. ಆದ್ದರಿಂದ ನಿಮ್ಮ ಸಂಘದ ಹಳೆಯ ಸಂಚಿಕೆಗಳನ್ನು ನೀವೇ ಯೂನಿಕೋಡಿನಲ್ಲಿ, ಬದಲಾಗದ ಒಂದು ವಿಳಾಸದಲ್ಲಿ ಹಾಕಿ. ಲೇಖಕರ ಹೆಸರು, ಸಂಚಿಕೆ, ವರ್ಷ ಇವನ್ನು ಪುಟದ ಮೂಲೆಯಲ್ಲಲ್ಲ, ಬರಹದ ಒಳಗೇ ಒಂದು ವಾಕ್ಯವಾಗಿ ಸೇರಿಸಿ. ಬೇರೆಯವರ ಬರಹ ನಿಮಗೆ ಇಷ್ಟವಾಯಿತೇ? ಪೂರ್ತಿ ಎತ್ತಿ ಹಾಕುವ ಬದಲು ನಾಲ್ಕು ಸಾಲು ಹೇಳಿ ಅವರ ಪುಟದ ಕೊಂಡಿ ಕೊಡಿ. ಯಂತ್ರ ಎಣಿಸುವುದೂ ಆ ಕೊಂಡಿಯನ್ನೇ.