ಆಕೃತಿ, ಉಚ್ಚಾರ, ಚುಕ್ಕೆ: ಕೆನಡಾದ ಅಕ್ಷರಾತ್ಮಕ ಲಿಪಿ ಯೂನಿಕೋಡ್‌ಗೆ ಬಂದ ಬಗೆ

ಕ್ರೀ, ಒಜಿಬ್ವೆ, ಇನುಕ್ಟಿಟುಟ್ ಮೊದಲಾದ ಕೆನಡಾದ ಮೂಲನಿವಾಸಿ ಭಾಷೆಗಳು ಬಳಸುವ ಅಕ್ಷರಾತ್ಮಕ ಲಿಪಿ 1999ರಲ್ಲಿ, ಯೂನಿಕೋಡ್‌ನ 3.0 ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಭಾಷೆಗೊಂದು ವಿಭಾಗ ಮಾಡದೆ ಎಲ್ಲವನ್ನೂ 640 ಸ್ಥಾನಗಳ ಒಂದೇ ವಿಭಾಗದಲ್ಲಿ ಇರಿಸಲಾಯಿತು. ಈ ಏಕೀಕರಣವನ್ನು ದೂರುವುದು ಸುಲಭ. ಆದರೆ ತೊಡಕು ಹುಟ್ಟಿದ್ದು ಅಲ್ಲಲ್ಲ, ಅಕ್ಷರದ ಪಕ್ಕದ ಚುಕ್ಕೆಯಲ್ಲಿ ಎಂಬುದು ಈ ಲೇಖನದ ವಾದ.

ಮೆಥಡಿಸ್ಟ್ ಪಾದ್ರಿ ಜೇಮ್ಸ್ ಎವಾನ್ಸ್ 1840ರ ಸುಮಾರಿಗೆ ಕೆನಡಾದ ನಾರ್ವೇ ಹೌಸ್ ಎಂಬ ನೆಲೆಯಲ್ಲಿ ಈ ಲಿಪಿಯನ್ನು ರೂಪಿಸಿದರೆಂದು ಮುದ್ರಿತ ಇತಿಹಾಸ ಹೇಳುತ್ತದೆ. ಕ್ರೀ ಜನರ ಮೌಖಿಕ ಪರಂಪರೆ ಇದನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಲಿಪಿ ಮಿಸ್ತನಸ್ಕೊವೇವ್ ಎಂಬ ಹಿರಿಯರಿಗೆ ಒಲಿದದ್ದು. ಹೇಗೇ ಬಂದಿರಲಿ, ಅದರ ಕ್ರಮ ಸರಳ. ಒಂದು ವ್ಯಂಜನಕ್ಕೆ ಒಂದು ಆಕೃತಿ. ಸ್ವರ ಬದಲಾದರೆ ಅದೇ ಆಕೃತಿ ಬೇರೆ ದಿಕ್ಕಿಗೆ ತಿರುಗುತ್ತದೆ. ನಮ್ಮ ಕಾಗುಣಿತದಲ್ಲಿ ಸ್ವರಚಿಹ್ನೆಯನ್ನು ವ್ಯಂಜನದಿಂದ ಬಿಡಿಸಿ ತೋರಿಸಬಹುದು, ಇಲ್ಲಿ ತಿರುವನ್ನು ಬಿಡಿಸಿ ತೆಗೆಯಲು ಬರುವುದಿಲ್ಲ. ಆದ್ದರಿಂದ ಪ್ರತಿ ಅಕ್ಷರಕ್ಕೂ ಇಡಿಯಾಗಿ ಒಂದೊಂದು ಸಂಕೇತ ಕೊಟ್ಟದ್ದು ನ್ಯಾಯವೇ.

ಸಂಕೇತ ಸಿಕ್ಕಿದ್ದು ಆಕೃತಿಗೆ, ಉಚ್ಚಾರಕ್ಕಲ್ಲ. ಯೂನಿಕೋಡ್‌ನ ಹದಿನಾರು-ಆಧಾರದ ಎಣಿಕೆಯಲ್ಲಿ 1401ನೆಯ ಸ್ಥಾನದಲ್ಲಿರುವ ತ್ರಿಕೋನವನ್ನೇ ನೋಡಿ. ಕ್ರೀ ಓದುಗರಿಗೆ ಅದು 'ಏ', ಇನುಕ್ಟಿಟುಟ್ ಓದುಗರಿಗೆ 'ಐ'. ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ಕ್ರೀ ಉಚ್ಚಾರವನ್ನು ಅನುಸರಿಸಿದೆ, ಇನ್ನದು ಬದಲಾಗುವಂತಿಲ್ಲ. ಒಂದು ಭಾಷೆಗೆ ಹೆಚ್ಚು ಮನ್ನಣೆ ಸಿಕ್ಕಂತೆ ಕಂಡರೂ ಏಕೀಕರಣದಿಂದ ಇನುಕ್ಟಿಟುಟ್‌ಗೆ ಲಾಭವೇ ಆಯಿತು. 1976ರಲ್ಲಿ ಇನ್ಯೂಟ್ ಕಲ್ಚರಲ್ ಇನ್‌ಸ್ಟಿಟ್ಯೂಟ್ ಬರಹವನ್ನು ಏಕರೂಪಗೊಳಿಸಿದಾಗ 'ಐ' ಸಾಲನ್ನೇ ಕೈಬಿಟ್ಟಿತ್ತು. ಅಂದಿನ ಟೈಪ್‌ರೈಟರ್ ಗುಂಡಿನಲ್ಲಿ ಅಷ್ಟು ಅಕ್ಷರಗಳಿಗೆ ಜಾಗವಿರಲಿಲ್ಲ. ಮುಂದೆ ನುನಾವಿಕ್ ಎಂಬ ಇನ್ಯೂಟ್ ಪ್ರದೇಶದಲ್ಲಿ ಆ ಸಾಲು ಮತ್ತೆ ಬಳಕೆಗೆ ಬಂತು. ಇನುಕ್ಟಿಟುಟ್‌ಗೇ ಪ್ರತ್ಯೇಕ ವಿಭಾಗವಿದ್ದು, 1976ರ ಪಟ್ಟಿಯನ್ನೇ ಪ್ರಮಾಣವೆಂದು ಹಿಡಿದಿದ್ದರೆ ಆ ಅಕ್ಷರಗಳಿಗೆ ಜಾಗ ಕೇಳಿ ಅರ್ಜಿ ಹಾಕಬೇಕಾಗುತ್ತಿತ್ತು.

ಚುಕ್ಕೆಯ ಕಥೆ ಬೇರೆ. ಕ್ರೀ ಬರಹದಲ್ಲಿ ವಕಾರವನ್ನು ಸೂಚಿಸಲು ಅಕ್ಷರದ ಪಕ್ಕ ಒಂದು ಚುಕ್ಕೆ ಇಡುತ್ತಾರೆ: ಪೂರ್ವದವರು ಎಡಕ್ಕೆ, ಪಶ್ಚಿಮದವರು ಬಲಕ್ಕೆ. ಇದು ತಿರುವಿನಂತಲ್ಲ, ಕಣ್ಣಿಗೇ ಬೇರೆಯಾಗಿ ಕಾಣುವ ಗುರುತು. ಆದರೂ ಚುಕ್ಕೆ ಕೂಡಿದ ಪ್ರತಿ ಅಕ್ಷರಕ್ಕೂ ಹೊಸ ಸಂಕೇತ ಕೊಟ್ಟರು, ಅದೂ ಎರಡೆರಡು: 'ವೇ' ಪೂರ್ವದ ರೂಪದಲ್ಲಿ 140ಸಿ, ಪಶ್ಚಿಮದ ರೂಪದಲ್ಲಿ 140ಡಿ. ಇದರ ಜೊತೆಗೆ 1427ರಲ್ಲಿ ಬಿಡಿ ಚುಕ್ಕೆಯೂ ಇದೆ. ಬಿಡಿ ಚುಕ್ಕೆಯನ್ನೂ ತ್ರಿಕೋನವನ್ನೂ ಒಂದರ ಪಕ್ಕ ಒಂದು ಟೈಪ್ ಮಾಡಿದರೆ ಪರದೆಯ ಮೇಲೆ ಅದೇ 'ವೇ' ಕಾಣುತ್ತದೆ. ಯಂತ್ರಕ್ಕೆ ಮಾತ್ರ ಅದು ಬೇರೆ ಪದ. ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಬೇರೆಲ್ಲೋ ಹೋಗಿ ಕೂರುತ್ತದೆ.

ಕನ್ನಡದ 'ಕೊ' ಜೊತೆ ಹೋಲಿಸಿದರೆ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆದರೂ, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿ ಬರೆದರೂ ಎರಡೂ ಒಂದೇ ಎಂದು ಯೂನಿಕೋಡ್ ತನ್ನ ಕೋಷ್ಟಕದಲ್ಲೇ ದಾಖಲಿಸಿದೆ. ಈ ಸಮಾನತೆಯ ನಮೂದು ಕ್ರೀ ಚುಕ್ಕೆಗೆ ಸಿಗಲಿಲ್ಲ. ಇಡಿ ಅಕ್ಷರಗಳನ್ನು ಕೊಟ್ಟದ್ದು ತಪ್ಪಲ್ಲ, ಬಿಡಿ ರೂಪದೊಡನೆ ಅವುಗಳ ನಂಟನ್ನು ಬರೆಯದೆ ಬಿಟ್ಟದ್ದು ತಪ್ಪು.

ಬಿಟ್ಟುಹೋದ ಅಕ್ಷರವನ್ನು ಎಂದಾದರೂ ಸೇರಿಸಬಹುದು. 2009ರ 5.2 ಆವೃತ್ತಿಯಲ್ಲಿ ವಿಸ್ತರಣಾ ವಿಭಾಗವೊಂದು ಬಂತು. 2021ರ 14.0 ಆವೃತ್ತಿಯಲ್ಲಿ ನಟ್ಟಿಲಿಕ್ ಇನುಕ್ಟಿಟುಟ್‌ಗೆ ಬೇಕಾದವೂ ಕ್ರೀ, ಒಜಿಬ್ವೆಗಳ ಹಳೆಯ ರೂಪಗಳೂ ಸೇರಿ 16 ಅಕ್ಷರಗಳು ಕೂಡಿದವು. ಬಿಟ್ಟುಹೋದ ಸಮಾನತೆಗೆ ಆ ಅವಕಾಶವಿಲ್ಲ. ಒಮ್ಮೆ ಸೇರಿದ ಅಕ್ಷರದ ವಿಭಜನೆಯನ್ನು, ಅಂದರೆ ಅದು ಯಾವ ಬಿಡಿ ರೂಪಗಳಿಗೆ ಸಮ ಎಂಬ ನಮೂದನ್ನು, ಬದಲಿಸಕೂಡದೆಂಬುದು ಯೂನಿಕೋಡ್‌ನ ಸ್ಥಿರತಾ ನೀತಿ. ಹಳೆಯ ಕಡತಗಳು ಕೆಡದಿರಲು ಅದು ಬೇಕೇ ಬೇಕು. ಹೀಗಾಗಿ 140ಡಿಯನ್ನೂ ತ್ರಿಕೋನ-ಚುಕ್ಕೆಯ ಜೋಡಿಯನ್ನೂ ಒಂದೆಂದು ಗುರುತಿಸುವ ಕೆಲಸ ಕೀಲಿಮಣೆ, ನಿಘಂಟು, ಹುಡುಕುತಂತ್ರಾಂಶಗಳನ್ನು ಬರೆಯುವವರ ಪಾಲಿಗೆ ಬಂದಿದೆ, ಪ್ರತಿಯೊಬ್ಬರೂ ಅದನ್ನು ಹೊಸದಾಗಿ ಮಾಡಬೇಕು.