ಕೊನೆಯ ಬಸ್ಸು ಯಾರದು?

ರಾತ್ರಿ ಹನ್ನೊಂದು ಕಳೆದ ಮೇಲೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ಹಳೆಯ ಬೆಂಗಳೂರಿಗರ ತಮಾಷೆಯೊಂದು ನನಗೆ ನೆನಪಾಗುತ್ತದೆ: ಬಿಟಿಎಸ್ ಅಂದರೆ ‘ಬಿಟ್ರೆ ತಿರುಗಿ ಸಿಗಲ್ಲ’. ಹಗಲಿನಲ್ಲಿ ಅದು ನಗೆಮಾತು. ಕೊನೆಯ ಬಸ್ಸಿನ ಹೊತ್ತಿಗೆ ನಿಜ.

1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾದ ನಗರ ಸಾರಿಗೆಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಅದೇ ಬಿಟಿಎಸ್, 1997ರಲ್ಲಿ ಬಿಎಂಟಿಸಿ ಆಯಿತು. ಆದರೆ ರಾತ್ರಿ ಪಾಳಿಯ ಚರಿತ್ರೆ ಇಷ್ಟೇ ಅಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತಮ್ಮ ನೌಕರರಿಗೆ ತಮ್ಮದೇ ಬಸ್ಸು ಓಡಿಸಿದವು. ಮುಂದೆ ಸಾಫ್ಟ್‌ವೇರ್ ಕಂಪನಿಗಳು, ಕಾಲ್ ಸೆಂಟರುಗಳು ಕ್ಯಾಬ್ ಕಳಿಸಿದವು.

ದೊಡ್ಡ ಸಂಸ್ಥೆಗಳು ತಮ್ಮವರನ್ನು ಹೀಗೆ ಮನೆ ಮುಟ್ಟಿಸಿದಾಗ ನಿಲ್ದಾಣದಲ್ಲಿ ಉಳಿದವರು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಆಸ್ಪತ್ರೆಯ ಆಯಾಗಳು, ಕೆ.ಆರ್. ಮಾರ್ಕೆಟ್ಟಿನ ಹಮಾಲಿಗಳು. ಇವರ ಪರವಾಗಿ ಇನ್ನೊಂದು ಬಸ್ಸು ಕೇಳುವ ಕಂಪನಿ ಯಾವುದೂ ಇರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ದೊಡ್ಡ ಹೆಜ್ಜೆಯೇ. ಆದರೆ ನಡುರಾತ್ರಿ ಕೆಲಸ ಮುಗಿಸಿ ಹೊರಬರುವ ಆಯಾಗೆ ಉಚಿತ ಟಿಕೆಟ್ಟಿಗಿಂತ ಮೊದಲು ಬಸ್ಸು ಬೇಕು.