ಗಾಳಿಯಿಂದ ಹೊಲಕ್ಕೆ: ಕನ್ನಡ ರಮ್ಯಕಾವ್ಯದಲ್ಲಿ ಪ್ರಕೃತಿಯೂ ಕ್ರಾಂತಿಯೂ

1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸುಮಾರು 60 ಸಾವಿರ ಜನ ಸೇರಿದ್ದರು. ನೇಕಾರರು, ಗಿರಣಿ ಕೆಲಸಗಾರರು, ಅವರ ಹೆಂಡಿರು ಮಕ್ಕಳು. ಅವರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಸುದ್ದಿ ಇಟಲಿಯಲ್ಲಿದ್ದ ಇಂಗ್ಲಿಷ್ ಕವಿ ಷೆಲ್ಲಿಯನ್ನು ಮುಟ್ಟಿತು. ಆತ ಸಿಟ್ಟಿನಲ್ಲಿ ಬರೆದ ‘ಮಾಸ್ಕ್ ಆಫ್ ಅನಾರ್ಕಿ’ಯನ್ನು ಪ್ರಕಟಿಸಲು ಗೆಳೆಯ ಲೀ ಹಂಟ್‌ಗೆ ಧೈರ್ಯ ಸಾಲಲಿಲ್ಲ. ಅದು ಅಚ್ಚಾದದ್ದು 1832ರಲ್ಲಿ, ಕವಿ ತೀರಿಕೊಂಡು ಹತ್ತು ವರ್ಷವಾದ ಮೇಲೆ. 1819ರ ಶರತ್ಕಾಲದಲ್ಲೇ ಫ್ಲಾರೆನ್ಸಿನಲ್ಲಿ ಹುಟ್ಟಿದ ಪಡುವಣ ಗಾಳಿಯ ಗೀತೆ ಮಾತ್ರ 1820ರಲ್ಲೇ ಓದುಗರ ಕೈ ಸೇರಿತು. ಅದರಲ್ಲಿ ಇರುವುದೂ ಹಳೆಯದನ್ನು ಕೆಡವುವ ಮಾತೇ. ಆದರೆ ಕೆಡವುವುದು ಗಾಳಿ, ಉದುರುವುದು ತರಗೆಲೆ. ಗಾಳಿಯ ಮೇಲೆ ಯಾವ ಸರ್ಕಾರ ಮೊಕದ್ದಮೆ ಹೂಡೀತು?

‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾದ ದಾವಣಗೆರೆಯಲ್ಲಿ ಕೂತು ಈ ಚರಿತ್ರೆ ಓದುವವರಿಗೆ ಅದು ತೀರಾ ಪರಕೀಯ ಅನ್ನಿಸುವುದಿಲ್ಲ. ಹತ್ತಿ ಗಿರಣಿಗಳ ಈ ಊರು ಕಾರ್ಮಿಕ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳಿಸಿದ ಊರು. ಆದರೆ ಇಲ್ಲಿನ ಪ್ರಶ್ನೆ ಬೇರೆ. ಷೆಲ್ಲಿಯ ಗಾಳಿ ಕನ್ನಡಕ್ಕೆ ಬಂದಾಗ ಏನಾಯಿತು?

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಷೆಲ್ಲಿ, ಬರ್ನ್ಸ್ ಮುಂತಾದವರನ್ನು ಕನ್ನಡದ ಕಿವಿಗೆ ಒಗ್ಗಿಸಿತು ಎಂಬುದನ್ನು ಸಾಹಿತ್ಯ ಚರಿತ್ರೆಗಳೆಲ್ಲ ಹೇಳುತ್ತವೆ. ಛಂದಸ್ಸು ಬಂತು, ಭಾವಗೀತೆಯ ಹದ ಬಂತು. ಋತುಮಾನ ಮಾತ್ರ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಯೂರೋಪಿನಲ್ಲಿ ಎಲೆ ಉದುರಿದ ಮೇಲೆ ತಿಂಗಳುಗಟ್ಟಲೆ ಮರ ಬೋಳಾಗಿ ನಿಲ್ಲುತ್ತದೆ. ವಸಂತದ ಭರವಸೆಗೆ ಅಲ್ಲಿ ಬೆಲೆ ಬರುವುದು ಆ ಕಾಯುವಿಕೆಯಿಂದ. ನಮ್ಮ ಹೊಂಗೆ ಹಾಗೆ ಕಾಯುವ ಮರವಲ್ಲ. ಯುಗಾದಿಯ ಮುಂಚೆ ಅದರ ಹಳೆಯ ಎಲೆ ಇನ್ನೂ ಬೀಳುತ್ತಿರುವಾಗಲೇ ತುದಿಯಲ್ಲಿ ಎಳೆಹಸಿರು ಮಿಂಚುತ್ತದೆ. ಅರಳಿಯೂ ಅಷ್ಟೇ, ಬೋಳಾಯಿತು ಎನ್ನುವಷ್ಟರಲ್ಲಿ ತಾಮ್ರದ ಬಣ್ಣದ ಚಿಗುರು. ಇನ್ನು ಪಡುವಣ ಗಾಳಿಯೆಂದರೆ ಇಲ್ಲಿ ಮುಂಗಾರು. ಅದು ಸಾವಿನ ಮುನ್ಸೂಚನೆಯಲ್ಲ, ಬಿತ್ತನೆಯ ಕರೆ. ಹೀಗಾಗಿ ಕನ್ನಡ ಕವಿಗಳು ಕ್ರಾಂತಿಗೆ ಬೇರೆ ರೂಪಕ ಹುಡುಕಬೇಕಾಯಿತು. ಅದು ಅವರಿಗೆ ಸಿಕ್ಕಿದ್ದು ಕಾಡಿನಲ್ಲೋ ಶಿಖರದಲ್ಲೋ ಅಲ್ಲ, ಉತ್ತ ಹೊಲದಲ್ಲಿ ಎಂಬುದು ನನ್ನ ವಾದ.

ಬೇಂದ್ರೆಯವರ ‘ಗರಿ’ (1932) ಸಂಕಲನದ ಹಾರುವ ಹಕ್ಕಿಯನ್ನೇ ನೋಡಿ. ಕಾಲಪುರುಷನ ಸಂಕೇತ ಎಂದು ಅದನ್ನು ತರಗತಿಗಳಲ್ಲಿ ವಿವರಿಸುತ್ತ ಬಂದಿದ್ದೇವೆ. ತಪ್ಪಲ್ಲ, ಆದರೆ ಸಾಲದು. ಆ ಹಕ್ಕಿಗೆ ಸಾಮ್ರಾಜ್ಯಗಳು ಕಾಣುವುದು ಕಾಳು ತುಂಬಿದ ತೆನೆಗಳಾಗಿ. ಧಾರವಾಡ ಸೀಮೆಯ ಜೋಳದ ಹೊಲವನ್ನು ಬಲ್ಲವರಿಗೆ ಇದರ ತುಂಟತನ ಥಟ್ಟನೆ ತಿಳಿಯುತ್ತದೆ. ತೆನೆ ಹಾಲುಗಾಳಾದಾಗ ಅಟ್ಟಣಿಗೆ ಹಾಕಿ, ಕವಣೆ ಬೀಸಿ, ಕೂಗಿ ಓಡಿಸುವುದು ಹಕ್ಕಿಯನ್ನು. ರೈತನ ಕಣ್ಣಿಗೆ ಅದು ಕಳ್ಳ. ಬೇಂದ್ರೆ ಆ ಕಳ್ಳನನ್ನೇ ಅರಸರ ಹೊಲಕ್ಕೆ ಬಿಟ್ಟಿದ್ದಾರೆ, ಓಡಿಸಲು ಅಲ್ಲಿ ಯಾರ ಕವಣೆಯೂ ಇಲ್ಲ. ಷೆಲ್ಲಿಯ ಗಾಳಿಗೆ ರೌದ್ರವಿದೆ, ಈ ಹಕ್ಕಿಗೆ ಬರೀ ಹಸಿವು. ರಾಜಕೀಯವಾಗಿ ಯಾವುದು ಹೆಚ್ಚು ಅವಮಾನಕಾರಿ ಎಂದು ಕೇಳಿದರೆ ನಾನು ಹಕ್ಕಿಯ ಕಡೆಗೇ ಕೈ ತೋರಿಸುತ್ತೇನೆ.

ಬ್ರಿಟಿಷ್ ಸರ್ಕಾರಕ್ಕೆ ಇದು ಹೊಳೆಯಲಿಲ್ಲ. ಅದರ ಕಣ್ಣಿಗೆ ರಾಜದ್ರೋಹವಾಗಿ ಬಿದ್ದದ್ದು ‘ನರಬಲಿ’ ಕವಿತೆ. ಅದಕ್ಕಾಗಿ ಬೇಂದ್ರೆ ಹಿಂಡಲಗಾ ಸೆರೆಮನೆಯನ್ನೂ ಆಮೇಲೆ ಮುಗದದ ನಿರ್ಬಂಧವನ್ನೂ ಕಂಡರು. ನೇರ ಮಾತು ಜೈಲಿಗೆ ಹೋಯಿತು, ಹಕ್ಕಿ ಶಾಲೆಯ ಪಠ್ಯಪುಸ್ತಕಕ್ಕೆ ಹೋಯಿತು. ಷೆಲ್ಲಿಯ ಎರಡು ಕವಿತೆಗಳಿಗೆ ಆದದ್ದೂ ಹೆಚ್ಚುಕಡಿಮೆ ಇದೇ. ಪ್ರಕೃತಿಗೀತೆಗಳು ಪಲಾಯನದ ಗೀತೆಗಳು ಎಂಬ ಆರೋಪವನ್ನು ಒಪ್ಪಿಕೊಳ್ಳುವ ಮುನ್ನ ಈ ಎರಡು ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಬೇಕು.

ಕುವೆಂಪು ಅವರದು ಇನ್ನೊಂದು ದಾರಿ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹುಡುಗನಿಗೆ 1924ರಲ್ಲಿ ಕನ್ನಡದಲ್ಲಿ ಬರೆ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮಲೆನಾಡಿನ ಕಾಡು ಅವರ ಕಾವ್ಯದ ದೇವಾಲಯವೆಂಬುದು ಸರಿ, ಆದರೆ ಅಧಿಕಾರವನ್ನು ಪ್ರಶ್ನಿಸುವ ಹೊತ್ತಿಗೆ ಅವರೂ ಕಾಡಿನಿಂದ ಹೊಲಕ್ಕೆ ಇಳಿಯುತ್ತಾರೆ. ‘ನೇಗಿಲ ಯೋಗಿ’ಯಲ್ಲಿ ರಾಜ್ಯಗಳು ಹುಟ್ಟಿ ಅಳಿಯುವುದು ಉಳುವವನ ಬೆನ್ನ ಹಿಂದೆ. ಅವನು ತಿರುಗಿಯೂ ನೋಡುವುದಿಲ್ಲ, ನೇಗಿಲ ಸಾಲು ಮುಂದಕ್ಕೇ ಸಾಗುತ್ತದೆ. ಬೇಂದ್ರೆಯಲ್ಲಿ ಸಾಮ್ರಾಜ್ಯ ಹಕ್ಕಿಯ ಮೇವು; ಕುವೆಂಪುವಿನಲ್ಲಿ ಅದು ಬಂದು ಹೋಗುವ ಹವೆ. 1944ರ ಸಂಕಲನಕ್ಕೆ ಅವರು ‘ಕೋಗಿಲೆ ಮತ್ತು ಸೋವಿಯಟ್ ರಷ್ಯ’ ಎಂದು ಹೆಸರಿಟ್ಟರು. ಹಕ್ಕಿಯನ್ನೂ ಕ್ರಾಂತಿಯನ್ನೂ ಒಂದೇ ರಟ್ಟಿನ ಮೇಲೆ ಕೂರಿಸುವ ಧೈರ್ಯ ಆಗ ಇನ್ಯಾರಿಗಿತ್ತೋ! ಈಗ ನೇಗಿಲ ಯೋಗಿ ಸರ್ಕಾರವೇ ಒಪ್ಪಿದ ರೈತಗೀತೆ. ಸಭೆಗಳಲ್ಲಿ ಮಂತ್ರಿಗಳು ಎದ್ದು ನಿಂತು ಕೇಳುತ್ತಾರೆ. ಗೌರವ ದೊಡ್ಡದೇ, ಆದರೆ ಗೌರವ ಸಿಕ್ಕಷ್ಟೂ ಸಂಕೇತದ ಮೊನೆ ಮೊಂಡಾಗುತ್ತದೆ.

ಮುಂದೆ ಬಂದ ನವ್ಯ ಕವಿಗಳು ಈ ಸಂಕೇತಗಳನ್ನು ಅನುಮಾನದಿಂದ ನೋಡಿದರು. ಅಡಿಗರ ‘ಭೂಮಿಗೀತ’ (1959) ಭೂಮಿ ತಾಯಿಯೆಂಬ ನಂಬಿಕೆಯನ್ನೇ ಅಲುಗಾಡಿಸಿತು. ಪ್ರಕೃತಿಯ ಕ್ರಾಂತಿರೂಪ ಮತ್ತೆ ಎದ್ದುಬಂದದ್ದು ಬಂಡಾಯ ಸಂಘಟನೆ ಹುಟ್ಟಿದ 1979ರಲ್ಲಿ, ಸಿದ್ಧಲಿಂಗಯ್ಯನವರ ‘ಸಾವಿರಾರು ನದಿಗಳು’ ಸಂಕಲನದಲ್ಲಿ. ರಮ್ಯ ಕವಿ ಬೆಟ್ಟ ಹತ್ತುತ್ತಿದ್ದ, ಇಲ್ಲಿ ಬೆಟ್ಟವೇ ನಡೆದು ಬರುತ್ತದೆ. ನದಿಯನ್ನು ದಡದಲ್ಲಿ ನಿಂತು ನೋಡುವ ಕವಿಯೂ ಇಲ್ಲಿಲ್ಲ, ಮೆರವಣಿಗೆಯೇ ನದಿ. ಉಪಮಾನ ಉಪಮೇಯಗಳ ನಡುವೆ ಇದ್ದ ಅಂತರವನ್ನು ದಲಿತ ಕಾವ್ಯ ಹೀಗೆ ಅಳಿಸಿತು. ನನ್ನ ವಾದಕ್ಕೆ ಇದು ತೊಡಕೂ ಹೌದು. ಹೊಲವಿಲ್ಲದವರ ಕಾವ್ಯಕ್ಕೆ ಹೊಲ ಸಂಕೇತವಾಗುವುದಾದರೂ ಹೇಗೆ? ಅವರು ಯಾರ ಖಾತೆಗೂ ಸೇರದ ಬೆಟ್ಟ ಮತ್ತು ನೀರನ್ನು ಆರಿಸಿಕೊಂಡರು.

ಇದಾದ ಕೆಲವೇ ವರ್ಷಕ್ಕೆ ವಿಷಯ ಕಾಗದ ಬಿಟ್ಟು ನೆಲಕ್ಕಿಳಿಯಿತು. ದಾವಣಗೆರೆಯ ಪಕ್ಕದ ಹರಿಹರದ ಹೊಳೆಯ ಎದುರು ದಡದಲ್ಲಿ, ಕುಮಾರಪಟ್ಟಣದಲ್ಲಿ ಮರದ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಇದೆ. ಅದಕ್ಕೆ ಬೇಕಾದ ನೀಲಗಿರಿ ಬೆಳೆಸಲು 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿ, ಅಂದರೆ ಹಳ್ಳಿಯವರು ದನ ಮೇಯಿಸಿ ಸೌದೆ ತರುತ್ತಿದ್ದ ಜಾಗ, ಯೋಜನೆಯ ಲೆಕ್ಕಕ್ಕೆ ಹೋಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಚಳವಳಿ ಕಟ್ಟಿತು. ನವೋದಯದ ಕಾಲದಿಂದಲೂ ಬರೆಯುತ್ತ ಬಂದಿದ್ದ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಸಸಿ ನೆಟ್ಟರು.

ಷೆಲ್ಲಿ ತನ್ನ ಗಾಳಿಗೆ ವಹಿಸಿದ್ದೂ ಕೆಡವುವ ಮತ್ತು ಕಾಪಾಡುವ ಈ ಎರಡೇ ಕೆಲಸ. ಕುಸನೂರಿನಲ್ಲಿ ಅವೆರಡೂ ಒಂದೇ ದಿನ ಒಂದೇ ಕೈಯಿಂದ ನಡೆದವು. ಅಲ್ಲಿಗೆ ಬಂದವರಲ್ಲಿ ಷೆಲ್ಲಿಯನ್ನು ಓದಿದವರು ಎಷ್ಟಿದ್ದರು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಹಕ್ಕಿ, ತೆನೆ, ನೇಗಿಲ ಸಾಲುಗಳನ್ನು ಬೇಂದ್ರೆ, ಕುವೆಂಪು ತಂದದ್ದೇ ಇಂಥವರ ಬದುಕಿನಿಂದ. 1991ರ ಹೊತ್ತಿಗೆ ಸರ್ಕಾರ ಕರ್ನಾಟಕ ಪಲ್ಪ್‌ವುಡ್ಡನ್ನು ಮುಚ್ಚಿತು.